ಮಾಂಟಿಸ್ ಟ್ಯಾಂಕಿಗೆ ತೋಟದ ಬಕೆಟ್ ಬೇಡ

ಕೊಡಗಿನಲ್ಲಿ ಅಕ್ವೇರಿಯಂ ಹಾಕಿಕೊಡುವುದು, ಆಮೇಲೆ ಆಗಾಗ ಹೋಗಿ ಸರ್ವಿಸ್ ಮಾಡುವುದು ನನ್ನ ಕೆಲಸ. ಹೋಂಸ್ಟೇಗಳಲ್ಲಿ ಹೆಚ್ಚಾಗಿ ಗೋಲ್ಡ್‌ಫಿಶ್, ಅರೋವಾನಾ. ಉಪ್ಪುನೀರಿನ ಟ್ಯಾಂಕ್ ಕಮ್ಮಿ. ಅದರಲ್ಲೂ ಪೀಕಾಕ್ ಮಾಂಟಿಸ್ ಶ್ರಿಂಪ್ ಬೇಕು ಅನ್ನುವವರು ಬೆರಳೆಣಿಕೆಯಷ್ಟು. ಅವರೆಲ್ಲರ ಮೊದಲ ಪ್ರಶ್ನೆ ಮಾತ್ರ ಒಂದೇ: "ಗಾಜು ಒಡೆದುಬಿಡುತ್ತಾ?"

ಕೇಳುವುದು ಸಹಜ. ಹೆಸರಿನಲ್ಲಿ ಶ್ರಿಂಪ್ ಇದ್ದರೂ ಇದು ಸಿಗಡಿಯಲ್ಲ, ಬೇರೆಯೇ ಗುಂಪಿನ ಪ್ರಾಣಿ. ಗದೆಯಂಥ ಮುಂಗಾಲಿನಿಂದ ಹೊಡೆದು ಏಡಿಯ ಚಿಪ್ಪು ಪುಡಿ ಮಾಡುತ್ತದೆ. 2004ರಲ್ಲಿ ವಿಜ್ಞಾನಿಗಳು ಅಳೆದಾಗ ಆ ಏಟಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೂ ಹೋಗಿತ್ತು. ಆ ರಭಸಕ್ಕೆ ನೀರಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಅದರಿಂದ ಇನ್ನೊಂದು ಪೆಟ್ಟು ಬೀಳುತ್ತದೆ. ಹಾಗಾಗಿ ದಪ್ಪ ಗಾಜು ಅಥವಾ ಅಕ್ರಿಲಿಕ್ ಹಾಕುತ್ತೇನೆ. ಗಾಜಿನ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ಇದನ್ನು ಸಾಕುವವರು ನಿಜವಾಗಿ ಹೆದರಬೇಕಾದ್ದು ತಾಮ್ರಕ್ಕೆ.

ತೋಟದ ಮನೆ ಅಂದ ಮೇಲೆ ಮೈಲುತುತ್ತ ಇದ್ದೇ ಇರುತ್ತದೆ, ಅಲ್ವಾ? ಕಾಫಿಯ ಎಲೆ ತುಕ್ಕು ರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೆಣಸಿಗಾದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಬಳ್ಳಿಗೆ ಅದು ಔಷಧಿ, ಏಡಿ, ಸಿಗಡಿ, ಮಾಂಟಿಸ್‌ಗಳಿಗೆ ವಿಷ. ಇವುಗಳ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅಲ್ಲಿ ತಾಮ್ರ ಮಾಡುತ್ತದೆ. ಆದರೆ ಬೇಕಾಗಿರುವುದು ತೀರಾ ಚೂರು. ನೀರಿನಲ್ಲಿ ಜಾಸ್ತಿಯಾದರೆ ಕಿವಿರು ಹಾಳಾಗಿ ಪ್ರಾಣಿ ಸಾಯುತ್ತದೆ.

ಸಿದ್ದಾಪುರದ ಕಡೆ ಒಂದು ತೋಟದ ಮನೆಯಲ್ಲಿ ನೀರು ಬದಲಿಸುತ್ತಿದ್ದೆ. ಅಕ್ವೇರಿಯಂಗೆ ಹಾಕುವ ಸಮುದ್ರದ ಉಪ್ಪು ಕಲಸಲು ನನ್ನ ಡ್ರಮ್ ಸಾಲಲಿಲ್ಲ. ತೋಟದಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ಬಕೆಟ್ ತಂದುಕೊಟ್ಟರು. ನೋಡಲು ಚೊಕ್ಕವಾಗಿತ್ತು. ಬಾಯಿಯ ಅಂಚಿನ ಮಡಿಕೆಯೊಳಗೆ ಬೆರಳು ಆಡಿಸಿದೆ. ಉಗುರಿಗೆ ತಿಳಿನೀಲಿ ಪುಡಿ ಅಂಟಿತು.

"ಅಣ್ಣ, ಇದರಲ್ಲಿ ಬೋರ್ಡೋ ಕಲಸಿದ್ರಾ?"

"ಹೋದ ವಾರ ಕಲಸಿದ್ವಿ. ಚೆನ್ನಾಗಿ ಉಜ್ಜಿ ತೊಳೆದೇ ತಂದಿದ್ದೀನಿ."

ಅವರು ತೊಳೆದಿದ್ದು ನಿಜ. ಆದರೆ ಮಳೆ ಬಂದರೂ ಎಲೆಯಿಂದ ತೊಳೆದುಹೋಗದೆ ಅಂಟಿಕೊಂಡಿರುತ್ತದೆ ಅಂತಲೇ ಬೋರ್ಡೋ ಹೊಡೆಯುವುದು. ಬಕೆಟ್ಟಿಗೂ ಅದು ಹಾಗೇ ಅಂಟಿಕೊಳ್ಳುತ್ತದೆ. ಆ ಬಕೆಟ್ ವಾಪಸ್ ಕೊಟ್ಟು, ಎರಡು ಸಲಕ್ಕೆ ನನ್ನ ಡ್ರಮ್ಮಿನಲ್ಲೇ ಕಲಸಿದೆ.

ಆಮೇಲಿಂದ ಮಾಂಟಿಸ್ ಇರುವ ಮನೆಗೆ ಹೋದರೆ ಮೊದಲು ಹಿತ್ತಲಿಗೆ ಒಂದು ಸುತ್ತು ಹಾಕುತ್ತೇನೆ. ಸ್ಪ್ರೇ ಸಾಮಾನು ಎಲ್ಲಿಡುತ್ತಾರೆ, ಟ್ಯಾಂಕಿನ ನೀರು ಎಲ್ಲಿಂದ ಬರುತ್ತದೆ, ನೋಡುತ್ತೇನೆ. ಮಳೆನೀರು ಶುದ್ಧ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಎತ್ತರಕ್ಕೆ ಔಷಧಿ ಹೊಡೆಯುವಾಗ ಗಾಳಿಗೆ ತುಂತುರು ಮನೆಯ ಹೆಂಚಿನ ಮೇಲೂ ಬೀಳುತ್ತದೆ. ಆ ಹೆಂಚಿನಿಂದ ಇಳಿದ ನೀರು ಬೇಡ, ಆರ್‌ಒ ನೀರೇ ಇರಲಿ. ಡಿಸೆಂಬರ್ ಚಳಿಯಲ್ಲಿ ಬಚ್ಚಲಿನ ತಾಮ್ರದ ಹಂಡೆಯಿಂದ ಬಿಸಿನೀರು ತಂದು ಬೆರೆಸುವವರೂ ಇದ್ದಾರೆ. ಅದೂ ಬೇಡ, ಹೀಟರ್ ಹಾಕಿ. 24ರಿಂದ 26 ಡಿಗ್ರಿ ಸಾಕು. ಮೀನಿಗೆ ಬಿಳಿಚುಕ್ಕಿ ರೋಗ ಬಂದಾಗ ಹಾಕುವ ಎಷ್ಟೋ ಔಷಧಿಗಳಲ್ಲೂ ತಾಮ್ರವೇ ಇರುವುದು. ಬಾಟಲಿ ಮೇಲೆ ಓದದೆ ಏನನ್ನೂ ಸುರಿಯಬೇಡಿ.

ಊಟದ ವಿಷಯಕ್ಕೂ ಇದೇ ಎಚ್ಚರ ಬೇಕು. ಮಳೆಗಾಲದಲ್ಲಿ ಗದ್ದೆ ಏಡಿ ಧಾರಾಳ, ಮಾಂಟಿಸ್‌ಗೂ ಒಂದು ಹಾಕೋಣ ಅನ್ನಿಸುತ್ತದೆ. ತೋಟದ ನೀರೆಲ್ಲ ಇಳಿದು ಬರುವುದು ಅದೇ ಗದ್ದೆಗೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ರಾಶಿ ರಾಶಿ ಸಿಗುತ್ತವೆ, ಆದರೆ ಅವಕ್ಕೆ ವಿಷದ ಕಾಳು ಹಾಕಿರುತ್ತಾರೆ. ಮಂಗಳೂರು, ಕಣ್ಣೂರಿನಿಂದ ಬರುವ ಸಮುದ್ರದ ಏಡಿ, ಸಿಗಡಿ ತಂದು ಫ್ರೀಜರ್‌ನಲ್ಲಿಟ್ಟು ಸ್ವಲ್ಪ ಸ್ವಲ್ಪ ಕೊಡಿ.

ಇನ್ನೊಂದು ಮಾತು. ಮಡಿಕೇರಿಯ ಒಬ್ಬ ಆಂಟಿ ಫೋನ್ ಮಾಡಿ, "ಸತ್ತೇ ಹೋಯ್ತಪ್ಪಾ, ಬರೀ ಚಿಪ್ಪು ಬಿದ್ದಿದೆ" ಅಂತ ಅತ್ತೇಬಿಟ್ಟಿದ್ದರು. ಪೊರೆ ಬಿಟ್ಟಿತ್ತು ಅಷ್ಟೇ. ಪೊರೆ ಬಿಡುವಾಗ ಅದು ಕಲ್ಲುಗಳನ್ನು ಎಳೆದು ಬಿಲದ ಬಾಯಿ ಮುಚ್ಚಿಕೊಂಡು ಒಳಗೇ ಇರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೂ ಹೊರಗೆ ಬರುವುದಿಲ್ಲ, ತಿನ್ನುವುದೂ ಇಲ್ಲ. ಸುಮ್ನೆ ಬಿಟ್ಟುಬಿಡಿ, ಕೆದಕಬೇಡಿ. ಬಿಲಕ್ಕೆ ನಾನು ಹಾಕುವುದು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪ್. ಮೈ ತಿರುಗಿಸುವಷ್ಟು ಅಗಲ ಇರಬೇಕು, ಒಳಗೆ ಕತ್ತಲಿರಬೇಕು. ಟ್ಯಾಂಕಿನ ಲೈಟೂ ಮಂದವಾಗಿರಲಿ. ಜೂನ್, ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಬ್ಯಾಟರಿಯ ಏರ್ ಪಂಪ್ ಇಟ್ಟುಕೊಂಡಿರಿ.

ಟ್ಯಾಂಕಿಗೆ ತಾಮ್ರ ಸೇರಿದೆ ಅಂತ ಟೆಸ್ಟ್ ಕಿಟ್‌ನಲ್ಲಿ ಗೊತ್ತಾದರೆ, ಮಾಂಟಿಸ್ ಅನ್ನು ಕೈಯಲ್ಲಿ ಹಿಡಿಯದೆ ಪೈಪ್ ಸಮೇತ ಎತ್ತಿ. ಹೊಸದಾಗಿ ಕಲಸಿದ ಉಪ್ಪುನೀರಿನ ಗಟ್ಟಿ ಡಬ್ಬಕ್ಕೆ ಬಿಡಿ. ಅದರ ಬಿಸಿ, ಉಪ್ಪು ಎರಡೂ ಟ್ಯಾಂಕಿನಷ್ಟೇ ಇರಬೇಕು. ನೀರಿನ ಉಪ್ಪು ಅಳೆಯುವ ಹೈಡ್ರೋಮೀಟರ್ 1.025 ಆಸುಪಾಸು ತೋರಿಸಿದರೆ ಸರಿ. ಏರ್ ಪಂಪ್ ಹಾಕಿ. ಹಳೇ ಟ್ಯಾಂಕಿನ ಕಲ್ಲು, ಮರಳನ್ನು ಉಳಿಸಿಕೊಳ್ಳಲು ಹೋಗಬೇಡಿ. ಅವು ತಾಮ್ರ ಹೀರಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಗಾಜಿನ ಟ್ಯಾಂಕನ್ನು ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು. ಹೊಸ ಕಲ್ಲಿನಲ್ಲಿ ನೀರಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಕುದುರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಡಬ್ಬದಲ್ಲೇ ಇರಲಿ, ಅದರ ನೀರನ್ನು ದಿನಾ ಸ್ವಲ್ಪ ಬದಲಿಸುತ್ತಿರಿ.