ಬ್ಯಾಡಗಿ ಬೀಜ, ಕಾಸರಗೋಡಿನ ಮಣ್ಣು

ಕೆಲಸದ ಮೇಲೆ ಕಾಸರಗೋಡಿಗೆ ಹೊರಟಾಗ ಅವ್ವ ಒಂದು ಬಟ್ಟೆ ತುಂಡಿನಲ್ಲಿ ಬ್ಯಾಡಗಿ ಡಬ್ಬಿ ತಳಿಯ ಮೆಣಸಿನಕಾಯಿ ಬೀಜ ಕಟ್ಟಿ ಕೊಟ್ಟಳು. ನಮ್ಮದು ಹಾವೇರಿ ಕಡೆ, ಎರಿ, ಅಂದರೆ ಕಪ್ಪು ಮಣ್ಣಿನ ಹೊಲದ ಊರು. ಇಲ್ಲಿ ಹೊಲ ಎಲ್ಲಿಂದ ಬರಬೇಕು? ಬಾಡಿಗೆ ಮನೆಯ ತಾರಸಿಯಲ್ಲಿ ಹನ್ನೆರಡು ಗ್ರೋ ಬ್ಯಾಗ್ ಇಟ್ಟೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಸಗಣಿ ಗೊಬ್ಬರ ಸಮ ಸಮ ಬೆರೆಸಿ ತುಂಬಿದೆ.

ಜೂನ್ ಮಳೆ ಶುರುವಾಗಿ ಮೂರು ವಾರಕ್ಕೆ ಎಲೆ ಹಳದಿ ಆಯಿತು. ನನಗೆ ಗಾಬರಿ ಆಗಲಿಲ್ಲ. ಊರಲ್ಲಿ ಹಳದಿ ಎಲೆ ನೋಡಿಯೇ ಬೆಳೆದವಳು. ನಮ್ಮ ಎರಿ ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಪಿಎಚ್ (ಹುಳಿ ಅಳೆಯುವ ಅಂಕಿ, ಏಳಕ್ಕಿಂತ ಕೆಳಗಿದ್ದರೆ ಹುಳಿ) ಎಂಟರ ಆಸುಪಾಸು. ಅಲ್ಲಿ ಕಬ್ಬಿಣ ಮಣ್ಣಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಪ್ಪ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಹೊಡೆಯುತ್ತಿದ್ದ, ಗಿಡ ಹಸಿರಾಗುತ್ತಿತ್ತು. ನಾನೂ ಅದನ್ನೇ ತಂದು ಎರಡು ಸಲ ಬುಡಕ್ಕೆ ಹಾಕಿದೆ.

ಗಿಡ ಇನ್ನೂ ಸೊರಗಿತು. ಒಂದನ್ನು ಕಿತ್ತು ನೋಡಿದರೆ ಬೇರು ಕಂದಾಗಿ ಮೊಂಡಾಗಿತ್ತು. ಎಳೆ ಬೇರು ಇಲ್ಲವೇ ಇಲ್ಲ.

ಪಕ್ಕದ ಮನೆಯ ಅಕ್ಕ ತಾರಸಿಗೆ ಬಟ್ಟೆ ಒಣಗಿಸಲು ಬಂದವರು ಚೀಲದ ಹತ್ತಿರ ಕೂತರು. "ಸುಣ್ಣ ಹಾಕಿದ್ರಾ?" ಎಂದರು. ಇಲ್ಲ ಎಂದೆ. "ಮುರಕಲ್ಲಿನ ಮಣ್ಣು ಮಾರಾಯ್ರೆ, ಇದು ಹುಳಿ ಉಂಟು. ಸುಣ್ಣ ಹಾಕದೆ ಎಂತ ಆಗ್ತದೆ?"

ಮರುದಿನ ಪಿಎಚ್ ಪೇಪರ್ ತಂದೆ. ಒಂದು ಪಾಲು ಮಣ್ಣು, ಎರಡೂವರೆ ಪಾಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಕಲಕಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಲ್ಲಿ ಅದ್ದಿದೆ. ಐದಕ್ಕಿಂತ ಕೆಳಗೆ! ಮೆಣಸಿನ ಗಿಡಕ್ಕೆ 6ರಿಂದ 6.8 ಇದ್ದರೆ ಚೆನ್ನ. ಅನ್ನಭೇದಿಯೂ ಹುಳಿಯೇ ಅಲ್ವಾ, ಇದ್ದ ಹುಳಿಗೆ ನಾನೇ ಇನ್ನಷ್ಟು ಸೇರಿಸಿದ್ದೆ. ಹುಳಿ ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಬೇಕಾದ್ದಕ್ಕಿಂತ ಜಾಸ್ತಿ ಕರಗಿ ಬೇರನ್ನು ಸುಡುತ್ತವೆ, ರಂಜಕ ಮಣ್ಣಲ್ಲೇ ಸಿಕ್ಕಿಬಿದ್ದು ಬೇರಿಗೆ ಸಿಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮಳೆ ನೀರಿನ ಜೊತೆ ಚೀಲದ ತೂತಿನಿಂದ ಹೋಗಿಬಿಡುತ್ತವೆ.

ಆಮೇಲೆ ಎಲೆಗಳನ್ನು ಸರಿಯಾಗಿ ನೋಡಿದೆ. ಹಳದಿ ಆಗಿದ್ದದ್ದು ಕೆಳಗಿನ ಹಳೇ ಎಲೆ. ನರ ಮಾತ್ರ ಹಸಿರು, ಮೀನಿನ ಮುಳ್ಳಿನ ಹಾಗೆ. ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಎತ್ತಿ ಚಿಗುರಿಗೆ ಕೊಡುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗದು, ಅದಕ್ಕೇ ಊರಲ್ಲಿ ಮೊದಲು ಚಿಗುರು ಹಳದಿ ಆಗುತ್ತಿತ್ತು. ಬಣ್ಣ ಅದೇ, ಕಾಯಿಲೆ ಬೇರೆ. ಯಾವ ಎಲೆ ಎಂದು ನಾನು ನೋಡಿರಲಿಲ್ಲ.

ಆ ಹನ್ನೆರಡರಲ್ಲಿ ಮೂರು ಗಿಡ ಉಳಿದವು. ಮುಂದಿನ ಸಲ ಮಳೆ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಚೀಲಕ್ಕೆ ಒಂದು ಹಿಡಿ ಡಾಲೊಮೈಟ್ (ಹುಳಿ ತಗ್ಗಿಸುವ ಒಂದು ಬಗೆಯ ಸುಣ್ಣದ ಕಲ್ಲಿನ ಪುಡಿ) ಬೆರೆಸಿ, ತೇವ ಮಾಡಿ ಎರಡು ವಾರ ಬಿಟ್ಟೆ. ಡಾಲೊಮೈಟ್ ಯಾಕೆಂದರೆ ಅದರಲ್ಲಿ ಮೆಗ್ನೀಸಿಯಂ ಕೂಡ ಇದೆ. ನಾರಿನ ಪುಡಿ ಇಲ್ಲಿ ಬೇಕಾದಷ್ಟು ಸಿಗುತ್ತದೆ, ತೆಂಗಿನ ನಾಡಲ್ವಾ. 1916ರಲ್ಲೇ ತೆಂಗಿನ ಸಂಶೋಧನೆ ಶುರುವಾದ ಊರು ಇದು. ಆದರೆ ಆ ಪುಡಿಯಲ್ಲಿ ಉಪ್ಪಿರುತ್ತದೆ, ಎರಡು ಮೂರು ಸಲ ತೊಳೆದೇ ಹಾಕಬೇಕು.

ಗೊಬ್ಬರಕ್ಕೆ ಅಕ್ಕ ಹೇಳಿದ್ದು ನೆಲಗಡಲೆ ಹಿಂಡಿ, ನಮ್ಮ ಶೇಂಗಾ ಹಿಂಡಿಯೇ. ಬೇವಿನ ಹಿಂಡಿ, ಹಸಿ ಸಗಣಿ ಜೊತೆ ಐದು ದಿನ ನೆನೆಸಿ, ತಿಳಿಗೆ ಹತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ. ಒಮ್ಮೆ ನೀರು ಕಡಿಮೆ ಹಾಕಿದ್ದಕ್ಕೆ ಎಲೆ ತುದಿ ಸುಟ್ಟಂತಾಯಿತು. ಹೊಲ ಒಂದಷ್ಟು ತಪ್ಪು ತಡೆದುಕೊಳ್ಳುತ್ತದೆ, ಚೀಲದ ಹಿಡಿ ಮಣ್ಣು ತಡೆಯುವುದಿಲ್ಲ. ಒಲೆಯ ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ಜನವರಿಯಲ್ಲಿ ಕಾಯಿ ಕೆಂಪಾಯಿತು. ಪಿಎಚ್ 6.5. ತಾರಸಿಯಲ್ಲಿ ಚಾಪೆ ಹಾಸಿ ಒಣಗಿಸಿದೆ. ಸುಕ್ಕು ಬಿತ್ತು, ಅದೇ ಡಬ್ಬಿ ಸುಕ್ಕು. ಅರ್ಧ ಕಿಲೋ ಅಕ್ಕನಿಗೆ ಕೊಟ್ಟು, ಉಳಿದದ್ದನ್ನು ಊರಿಗೆ ಕಳಿಸಿದೆ. ಅವ್ವ ಕುಟ್ಟಿ ನೋಡಿ ಫೋನ್ ಮಾಡಿದಳು. "ಬಣ್ಣ ಬಂದೈತಿ," ಎಂದಳು. "ಬೀಜ ತಗದ್ ಇಟ್ಟೀಯಿಲ್ಲೋ?"

ತೆಗೆದಿಟ್ಟಿದ್ದೇನೆ. ಅವಳು ಕೊಟ್ಟ ಬಟ್ಟೆ ತುಂಡಿನಲ್ಲೇ.