ತಿರುಗುಣಿ ಕೆಳಗಿನ ತೂತಿನ ದುಡ್ಡು

13 ಜುಲೈ 2025, ಭಾನುವಾರ
ಧಾರವಾಡ

ಮೂರು ದಿನದಿಂದ ಜಿಟಿಜಿಟಿ ಮಳೆ. ಹೊಸಯಲ್ಲಾಪುರದ ಅಜ್ಜಿ ಮನೆಯಲ್ಲಿ ಹಿತ್ತಲ ಬಾಗಿಲು ನೀರು ಕುಡಿದು ಉಬ್ಬಿತ್ತು. ಬೆಳಿಗ್ಗೆ ಬಡಿಗೇರರನ್ನು ಕರೆಸಿದೆವು. ಹಳೇ ಕಾಲದ ಬಾಗಿಲು ಅದು, ಬಿಜಾಗರಿ ಇಲ್ಲ. ಕೆಳಗಿನ ಗೂಟ, ಅಂದರೆ ತಿರುಗುಣಿ, ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತದೆ. ಬಾಗಿಲು ಎತ್ತಿ ಗೋಡೆಗೆ ಒರಗಿಸಿದ ಮೇಲೆ, ಅವರು ಕುಳಿಯ ರಾಡಿಯನ್ನು ಬೆರಳಿನಿಂದ ಬಳಿದರು. "ಇಲ್ಲೊಂದು ದುಡ್ಡು ಐತಿ ನೋಡ್ರಿ" ಅಂದರು.

ತೂತಿನ ದುಡ್ಡು! ನನ್ನ ಕೈ ನಡುಗಿತು.

ನೀರಲ್ಲಿ ಅದ್ದಿ ತೆಗೆದೆ. ಒಂದು ಬದಿಯಲ್ಲಿ ಕಿರೀಟ, 1944 ಎಂಬ ಇಸವಿ. ಇನ್ನೊಂದು ಬದಿಯ ಎಲೆಬಳ್ಳಿ ಪೂರ್ತಿ ಅಳಿಸಿಹೋಗಿದೆ. ಕನ್ನಡಿಯಂತೆ ನುಣುಪು. ಗೂಟ ತಿರುಗಿದ ಗುರುತು ಉಂಗುರ ಉಂಗುರವಾಗಿ ಬಿದ್ದಿದೆ. ಬಾಗಿಲು ತೆಗೆದದ್ದು, ಹಾಕಿದ್ದು, ಎಲ್ಲವೂ ಅಲ್ಲಿ ಬರೆದಿಟ್ಟಂತಿದೆ.

ಒಂದು ಪೈಸೆಯ ಈ ತೂತಿನ ನಾಣ್ಯವನ್ನು ಟಂಕಿಸಿದ್ದು 1943ರಿಂದ 1947ರವರೆಗೆ ಮಾತ್ರ. ಮಹಾಯುದ್ಧದ ಕಾಲ, ತಾಮ್ರಕ್ಕೆ ಬರ. ನಡುವೆ ತೂತು ಹೊಡೆದು ಲೋಹ ಉಳಿಸಿದರು. ರಾಜನ ಮುಖಕ್ಕೆ ಜಾಗವೇ ಉಳಿಯಲಿಲ್ಲ. ಆಗ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್‌ನಲ್ಲಿ ನೂರು ನಯಾಪೈಸೆಯ ಲೆಕ್ಕ ಬಂತು. ಆಮೇಲೆ ಈ ತೂತಿನ ದುಡ್ಡು ಎಷ್ಟೋ ಕಡೆ ವಾಷರ್ ಆಯಿತು, ಮಕ್ಕಳ ಉಡದಾರ ಸೇರಿತು. ನಮ್ಮ ಮನೆಯಲ್ಲಿ ಕುಸಿದ ಬಾಗಿಲಿಗೆ ಆಸರೆಯಾಯಿತು. ಯಾರು ಇಟ್ಟರೋ ಅಜ್ಜಿಗೂ ನೆನಪಿಲ್ಲ.

ಸವಕಲು ನಾಣ್ಯ ಅಂದರೆ ಸಂಗ್ರಹಕಾರರು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹೋದ ತಿಂಗಳು ಹುಬ್ಬಳ್ಳಿಯ ಒಂದು ಮೋಡಕಾ (ಗುಜರಿ) ಅಂಗಡಿಯಲ್ಲಿ, ನಟ್ಟು ಬೋಲ್ಟುಗಳ ನಡುವೆ ವಿಕ್ಟೋರಿಯಾ ಕಾಲದ ತಾಮ್ರದ ಕಾಲಾಣೆ ಸಿಕ್ಕಿತು. ಮುಖ ಬರೀ ನೆರಳು. ಇಸವಿ ಇಲ್ಲ. ಓರೆ ಬೆಳಕಿಗೆ ಹಿಡಿದಾಗ 'ಎಂಪ್ರೆಸ್' ಎಂಬ ಪದದ ಮೂರಕ್ಷರ ಮೂಡಿತು. ಅವಳು ಚಕ್ರವರ್ತಿನಿ ಎಂದು ಘೋಷಿಸಿದ್ದು 1877ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅಂದರೆ ನಾಣ್ಯ ಆ ನಡುವಿನದು. ಸುಭಾಸ ರಸ್ತೆಯಲ್ಲಿ ಬಂಗಾರದ ತಕ್ಕಡಿಗೆ ಹಾಕಿಸಿದೆ: 5.6 ಗ್ರಾಂ. ಹೊಸದರಲ್ಲಿ ಅದು ಸುಮಾರು 6.47 ಗ್ರಾಂ ಇರಬೇಕು. ಉಳಿದ ತಾಮ್ರ ಎಲ್ಲಿ ಹೋಯಿತು? ಸಂತೆಯ ಕೈಗಳಿಗೆ, ಸೆರಗಿನ ಗಂಟುಗಳಿಗೆ, ಎಲೆ ಅಡಿಕೆ ಸಂಚಿಗಳಿಗೆ ಅಲ್ವಾ? ಡಬ್ಬಿಯಲ್ಲಿ ಹೊಳೆಯುತ್ತ ಕೂತ ನಾಣ್ಯ ಒಂದು ಸೇರು ಜೋಳವನ್ನೂ ಕೊಂಡಿರುವುದಿಲ್ಲ.

ಅಜ್ಜಿಯ ಹೊಲಿಗೆ ಮಷಿನ್‌ನ ಖಾನೆಯಲ್ಲಿ ಗುಂಡಿಗಳ ಜೊತೆ ಅಲ್ಯೂಮಿನಿಯಂ ಹತ್ತು ಪೈಸೆಯೂ ಇದೆ. ಅಂಚು ಮಡಚಿದೆ, ಮೈಯೆಲ್ಲ ಬಿಳಿ ಚುಕ್ಕಿ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವೆಲ್ಲ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡವು.

ಅಮ್ಮ ಹುಣಸೆಹಣ್ಣು ತಂದರು, ತಿಕ್ಕಿ ಹೊಳೆಸಲು. ಬೇಡ ಅಂದೆ. ಚಿಕ್ಕವನಿದ್ದಾಗ ಒಂದು ಕಾಲಾಣೆಯನ್ನು ಹಾಗೇ ತಿಕ್ಕಿದ್ದೆ. ಅದರ ಕಂದು ಬಣ್ಣ ಹೋಯಿತು, ಉಳಿದಿದ್ದ ಚೂರುಪಾರು ಅಕ್ಷರವೂ ಹೋಯಿತು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಮನೆಯಲ್ಲಿ ಹಳೇ ನಾಣ್ಯ ಸಿಕ್ಕರೆ ದಯವಿಟ್ಟು ತಿಕ್ಕಬೇಡಿ. ನೀರಲ್ಲಿ ಅದ್ದಿ, ಒರೆಸಿ, ಅಷ್ಟೇ ಸಾಕು.

ಮಧ್ಯಾಹ್ನದ ಹೊತ್ತಿಗೆ ಬಡಿಗೇರರು ಅಂಚು ಹತ್ತರಿ ಹೊಡೆದು ಬಾಗಿಲು ಕೂರಿಸಿದರು. ತೆಗೆದರೆ ಕರ್ರ್ ಎಂದು ಹೊಸ್ತಿಲಿಗೆ ತಾಕಿತು. ಒಂದು ದುಡ್ಡಿನ ದಪ್ಪದಷ್ಟು ಕೆಳಗೆ ಇಳಿದಿತ್ತು. "ಒಂದು ತಗಡು ಹಾಕ್ಲೇನ್ರಿ?" ಎಂದು ಕೇಳಿದರು.

ನಾಣ್ಯದ ಎರಡೂ ಬದಿಯ ಫೋಟೊ ತೆಗೆದುಕೊಂಡೆ. ಅಜ್ಜಿಯ ಕೈಯಲ್ಲಿ ಒಂದು ಗಳಿಗೆ ಇಟ್ಟೆ. ಆಮೇಲೆ ಬಾಗಿಲು ಮತ್ತೆ ಎತ್ತಿಸಿ, ಕಿರೀಟದ ಬದಿ ಕೆಳಗೆ ಮಾಡಿ, ಅದನ್ನು ಕುಳಿಯಲ್ಲೇ ಇಟ್ಟೆ. ಈಗ ಬಾಗಿಲು ಸದ್ದಿಲ್ಲದೆ ತಿರುಗುತ್ತಿದೆ.