ಒಳಗಿನ ಗೆರೆ

"ಎರಡೂ ಗೆರೆ ಒಂದೇ ಥರ ಇದ್ವಲ್ಲಣ್ಣ. ಒಳಗಿಂದು ಸಣ್ಣ ಸೈಜಿಂದು ಅಂದ್ಕಂಡೆ."

ಸೋಮವಾರ ಸಂಜೆ ಕೇಳಿದ ಮಾತಿದು. ಇವತ್ತು ಶುಕ್ರವಾರ. ಇನ್ನೂ ಕಿವಿಯಲ್ಲೇ ಇದೆ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಹುಡುಗಿ ಬೈಯಲಿಲ್ಲ. ತಪ್ಪು ತನ್ನದೇ ಅನ್ನೋ ಹಾಗೆ ಹೇಳಿದಳು.

ಅವಳ ಕೈಯಲ್ಲಿ ಕತ್ತರಿಸಿದ ಬ್ಲೌಸ್ ಪೀಸು ಇತ್ತು. ರಾಮಾ ಗ್ರೀನ್, ಅಂಚಿಗೆ ಸಣ್ಣ ಜರಿ. ಮೀಟರ್ ಲೆಕ್ಕದಲ್ಲಿ ಕೊಂಡದ್ದಲ್ಲ, ಸೀರೆಯಲ್ಲೇ ಬಂದದ್ದು. ಇವಳ ಅಕ್ಕನಿಗೆ ಏಳು ತಿಂಗಳು. ಬರುವ ವಾರ ಕುಬಸ. ನಮ್ಮ ಕಡೆ ಸೀಮಂತಕ್ಕೆ ಹಾಗೇ ಅನ್ನೋದು, ಕುಬಸ ಅಂದರೆ ರವಿಕೆಯೇ. ತಂಗಿ ಟೈಲರಿಂಗ್ ಕಲಿಯುತ್ತಿದ್ದಾಳಲ್ಲ, ಅವಳೇ ಹೊಲಿಯಲಿ ಅಂತ ಮನೆಯವರು ಕೊಟ್ಟಿದ್ದರಂತೆ.

ಆ ಕಟಿಂಗ್ ಹಾಳೆ ಮಾಡಿಕೊಟ್ಟವನು ನಾನು. ದಾವಣಗೆರೆಯ ವಿನೋಬನಗರದಲ್ಲಿ ಮನೆಯ ಪಡಸಾಲೆಯಲ್ಲೇ ಕ್ಲಾಸ್ ನಡೆಸುವ ಟೀಚರ್ ಒಬ್ಬರಿದ್ದಾರೆ. ಆರು ಮಿಷನ್ನು, ಮೂವತ್ತು ಹುಡುಗಿಯರು. ಖಾಕಿ ಕಾಗದದ ಮೇಲೆ ಅವರೇ ಬರೆದ ಡ್ರಾಫ್ಟನ್ನು ನಾನು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆದು ಪಿಡಿಎಫ್ ಮಾಡಿ ಕೊಟ್ಟಿದ್ದೆ. ಹೊರಗಿನ ಇಡೀ ಗೆರೆ ಕತ್ತರಿಗೆ. ಒಳಗಿನ ತುಂಡು ಗೆರೆ ಹೊಲಿಗೆಗೆ. ನಡುವೆ ಪಕ್ಕದಲ್ಲಿ ಒಂದು ಇಂಚು ಮಾರ್ಜಿನ್. ಟೀಚರ್ ಒಂದು ಪ್ರಿಂಟ್ ತೆಗೆಸಿ, ಅದರಿಂದ ಮೂವತ್ತು ಜೆರಾಕ್ಸ್ ಮಾಡಿಸಿದ್ದರು. ಹಾಳೆಯಲ್ಲಿ ಎರಡೂ ಇಡೀ ಗೆರೆಗಳೇ ಆಗಿದ್ದವು.

ಹುಡುಗಿ ಕತ್ತರಿಸಿದ್ದು ಒಳಗಿನ ಗೆರೆ ಮೇಲೆ. ಹೊಲಿಗೆ ಬೀಳುವುದು ಅದಕ್ಕಿಂತ ಮತ್ತೆ ಒಂದು ಇಂಚು ಒಳಗೆ. ಲೆಕ್ಕ ನೋಡಿ. ಮುಂಭಾಗ ಎರಡು ಪಕ್ಕ, ಹಿಂಭಾಗ ಎರಡು ಪಕ್ಕ. ಒಂದೊಂದು ಕಡೆ ಒಂದು ಇಂಚು ಹೋದರೆ ಸುತ್ತಳತೆಯಲ್ಲಿ ನಾಲ್ಕು ಇಂಚು. ಹೊಲಿದಾಗ 36 ಬರಬೇಕಾದದ್ದು 32 ಆಯಿತು. ಅದೂ ಬಸುರಿಗೆ!

ಟೀಚರ್ ಎದುರು ನನ್ನ ಬಾಯಿಂದ ಮೊದಲು ಬಂದ ಮಾತು, "ನನ್ನ ಫೈಲಲ್ಲಿ ಸರಿಯಾಗೇ ಇದೆ ಮೇಡಂ." ನಮ್ಮ ಕಸುಬಿನವರಿಗೆಲ್ಲ ಇದು ಬಾಯಿಪಾಠ. ಪ್ರೆಸ್ಸಿನವರು ಹೇಳುತ್ತಾರೆ, ಜೆರಾಕ್ಸಿನವನು ಹೇಳುತ್ತಾನೆ, ನಾನೂ ಹೇಳಿದೆ. ಲ್ಯಾಪ್‌ಟಾಪ್ ತೆಗೆದು ತೋರಿಸಿದೆ ಬೇರೆ. ಟೀಚರ್ ಪರದೆ ಕಡೆ ನೋಡಲೇ ಇಲ್ಲ. "ಅದನ್ನ ಕತ್ತರಿಸಕ್ಕೆ ಬರಲ್ಲಲ್ಲಪ್ಪ" ಅಂದರು. ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು. ಅವರ ಮೇಲೆ ನನಗೆ ಅಷ್ಟೇನೂ ಪ್ರೀತಿ ಇರಲಿಲ್ಲ. ಆದರೆ ಮಾತು ಸರಿ ಇತ್ತು.

ರಾತ್ರಿ ಊಟ ಮಾಡಿ ಕೂತೆ. ಮೊದಲು ಜೆರಾಕ್ಸಿನವನ ಮೇಲೆ ಹಾಕಿದೆ. ಕಪ್ಪು ಜಾಸ್ತಿ ಇಟ್ಟರೆ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ, ಅದು ನಿಜ. ಆದರೆ ಮೊದಲ ಪ್ರಿಂಟಿನಲ್ಲೇ ಗೆರೆ ಕೂಡಿಕೊಂಡಿತ್ತು. ಅವನು ಬಚಾವ್.

ಆಮೇಲೆ ತುದಿಗಳ ಮೇಲೆ ಅನುಮಾನ ಬಂತು. ಪಿಡಿಎಫ್ ಒಳಗೆ ತುಂಡು ಗೆರೆ ಅಂತ ಬೇರೆ ಏನೂ ಇರಲ್ಲ. ಮಾಮೂಲಿ ಗೆರೆಯೇ, ಜೊತೆಗೊಂದು ಸೂಚನೆ: ಇಷ್ಟು ಬರಿ, ಇಷ್ಟು ಬಿಡು. ತುಂಡಿನ ತುದಿ ಮೊಂಡೋ ಗುಂಡೋ ಅನ್ನೋದು ಇನ್ನೊಂದು ಸೂಚನೆ. ಗುಂಡು ತುದಿ ಇಟ್ಟರೆ ಪ್ರತಿ ತುಂಡೂ ಎರಡೂ ಕಡೆ ಗೆರೆಯ ದಪ್ಪದ ಅರ್ಧದಷ್ಟು ಆಚೆ ಚಾಚುತ್ತದೆ. ಅಂದರೆ ಸಂದಿನಲ್ಲಿ ಗೆರೆಯ ದಪ್ಪದಷ್ಟು ಜಾಗ ಹೋಯಿತು. ಇದರ ಉಲ್ಟಾ ತಮಾಷೆಯೂ ಇದೆ. ಚುಕ್ಕಿ ಸಾಲು ಬೇಕಾದರೆ ತುಂಡಿನ ಉದ್ದ ಸೊನ್ನೆ ಕೊಟ್ಟು ತುದಿ ಗುಂಡಗೆ ಇಡುತ್ತೇವೆ. ತುದಿ ಮೊಂಡಾಯಿತೋ, ಚುಕ್ಕಿಗಳೇ ಮಾಯ. ಹೋದ ವರ್ಷ ಒಂದು ರಸೀತಿ ಪುಸ್ತಕದಲ್ಲಿ ಹರಿದುಕೊಡುವ ಕಡೆಯ ಚುಕ್ಕಿಗಳು ಹೀಗೇ ಹೋಗಿದ್ದವು. ಆದರೆ ಇಲ್ಲಿ ತುದಿಯ ತಪ್ಪಾಗಿದ್ದರೆ ನನ್ನ ಪರದೆ ಮೇಲೂ ಗೆರೆ ಇಡಿಯಾಗಿ ಕಾಣಬೇಕಿತ್ತು. ಅಲ್ಲಿ ತುಂಡುಗಳು ಚೆನ್ನಾಗೇ ಇದ್ದವು.

ಹನ್ನೊಂದೂವರೆಗೆ ಪಿಡಿಎಫನ್ನು ಎಂಟು ಪಟ್ಟು ದೊಡ್ಡದು ಮಾಡಿ ನೋಡಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಗೆರೆ ಗೆರೆಯಾಗೇ ಉಳಿದಿದ್ದರೆ ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿರುತ್ತದೆ. ಇಲ್ಲಿ ಬೂದು ಬಣ್ಣದ ಚೌಕಗಳು, ಮೆಟ್ಟಿಲು ಮೆಟ್ಟಿಲಾಗಿ. ಗೆರೆ ಫೋಟೋ ಆಗಿಬಿಟ್ಟಿತ್ತು.

ಯಾಕೆ ಅಂತ ಹೊಳೆದಾಗ ಒಬ್ಬನೇ ಇದ್ದರೂ ನಾಚಿಕೆಯಾಯಿತು. ನೆರಳು! ಬ್ಲೌಸಿನ ತುಂಡುಗಳು ಕಾಗದದಿಂದ ಎದ್ದು ಬಂದ ಹಾಗೆ ಚೆಂದ ಕಾಣಲಿ ಅಂತ ಇಡೀ ಗುಂಪಿಗೆ ಮಸುಕು ನೆರಳು ಹಾಕಿದ್ದೆ. ಯಾರೂ ಕೇಳಿರಲಿಲ್ಲ. ಇಂಕ್‌ಸ್ಕೇಪ್ ಪಿಡಿಎಫ್ ಮಾಡುವಾಗ ಇಂಥ ಫಿಲ್ಟರ್ ಹಾಕಿದ್ದನ್ನೆಲ್ಲ ಚಿತ್ರವಾಗಿ ಬದಲಿಸುತ್ತದೆ. ಎಷ್ಟು ನುಣುಪಾಗಿ ಅಂತ ಅಲ್ಲೇ ಕೇಳುತ್ತದೆ. ನನ್ನದರಲ್ಲಿ 96 ಅಂತಿತ್ತು, ನೋಡದೆ ಓಕೆ ಒತ್ತಿದ್ದೆ. ಇಂಚಿಗೆ 96 ಚೌಕ ಅಂದರೆ ಒಂದು ಚೌಕ ಹೆಚ್ಚುಕಮ್ಮಿ ಕಾಲು ಮಿಲಿಮೀಟರ್. ನಾನು ನಾಜೂಕಾಗಿರಲಿ ಅಂತ ಕೊಟ್ಟಿದ್ದ ತುಂಡೂ ಕಾಲು ಮಿಲಿಮೀಟರ್, ಸಂದೂ ಕಾಲು ಮಿಲಿಮೀಟರ್. ಕಪ್ಪು ಬಿಳಿ ಎರಡೂ ಕಲಸಿ ಬೂದಾಯಿತು. ಪ್ರಿಂಟರ್ ಅದನ್ನು ಗೆರೆಯಾಗಿಯೇ ಒತ್ತಿತು, ಜೆರಾಕ್ಸ್ ಕಪ್ಪು ಮಾಡಿತು.

ಇದರಲ್ಲಿ ಹೊರಗಿನ ಇಡೀ ಗೆರೆಗೆ ಏನೂ ಆಗಲಿಲ್ಲ. ಅದೂ ಚೌಕಗಳಾಗಿತ್ತು, ಆದರೆ ಕಳೆದುಕೊಳ್ಳೋಕೆ ಅದರಲ್ಲಿ ಸಂದೇ ಇರಲಿಲ್ಲವಲ್ಲ. ಅದಕ್ಕೇ ನಾನು ಪಿಡಿಎಫ್ ಕಡೆ ಒಂದು ಸಲ ಕಣ್ಣಾಡಿಸಿ ಸರಿಯಿದೆ ಅಂದುಕೊಂಡದ್ದು.

ಮಂಗಳವಾರ ಹೊಸ ಹಾಳೆ ತೆಗೆದುಕೊಂಡು ಹೋದೆ. ನೆರಳು ಇಲ್ಲ. ಆರು ಮಿಲಿಮೀಟರ್ ತುಂಡು, ನಾಲ್ಕು ಮಿಲಿಮೀಟರ್ ಸಂದು, ಮೊಂಡು ತುದಿ. ಒಂದು ಗೆರೆ ಪಕ್ಕ "ಕತ್ತರಿ", ಇನ್ನೊಂದರ ಪಕ್ಕ "ಹೊಲಿಗೆ" ಅಂತ ಬರೆದಿದ್ದೆ. ನೋಡೋಕೆ ಅಷ್ಟೇನೂ ಚೆಂದವಿಲ್ಲ.

ಹುಡುಗಿ ಬಂದಿದ್ದಳು. ಚೌಕಿಪೇಟೆಯಲ್ಲಿ ಮೂರು ಅಂಗಡಿ ಸುತ್ತಿ ಹತ್ತಿರದ ಹಸಿರು ಹುಡುಕಿ ತಂದಿದ್ದಳು. ಕಂಕುಳ ಕೆಳಗೆ ಎರಡೂ ಕಡೆ ಅದರ ಪಟ್ಟಿ ಜೋಡಿಸುವುದು ಅಂತ ತೀರ್ಮಾನವಾಗಿತ್ತು. ಬಟ್ಟೆಯ ದುಡ್ಡು ಕೊಡೋಕೆ ಹೋದೆ, ತೆಗೆದುಕೊಳ್ಳಲಿಲ್ಲ. "ಕೈ ಎತ್ತಿದ್ರೆ ಮಾತ್ರ ಕಾಣ್ತದೆ ಬಿಡಣ್ಣ" ಅಂದಳು.

ಮಾರ್ಜಿನ್ ಯಾಕೆ ಒಂದು ಇಂಚು, ಅರ್ಧ ಸಾಲದಾ ಅಂತ ಟೀಚರನ್ನು ಕೇಳಿದೆ. ಕತ್ತರಿ ಕೆಳಗಿಟ್ಟು ಹೇಳಿದರು. ಹೆಣ್ಣುಮಕ್ಕಳ ಮೈ ಇವತ್ತು ಇದ್ದಂಗೆ ನಾಳೆ ಇರಲ್ಲ. ಹೆರಿಗೆ ಆಗುತ್ತೆ, ಮೈ ಬರುತ್ತೆ, ಇಳಿಯುತ್ತೆ. ಹೊಲಿಗೆ ಬಿಚ್ಚಿ ಇನ್ನೊಂದು ಹಾಕಿದರೆ ಅದೇ ಬ್ಲೌಸು ಹತ್ತು ವರ್ಷ ಬರುತ್ತೆ. ಸೀರೆ ಮಗಳಿಗೆ ಕೊಟ್ಟರೆ ಅವಳಿಗೂ ಆಗುತ್ತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ್ದ ಊರಲ್ಲಿ ಹುಟ್ಟಿ, ಇಷ್ಟು ವರ್ಷ ಆ ಮಡಿಕೆಯನ್ನು ನಾನು ಉಳಿದ ಬಟ್ಟೆ ಅಂದುಕೊಂಡಿದ್ದೆ. ನಮ್ಮವ್ವನ ಹಳೇ ಕುಬಸಗಳಲ್ಲಿ ಮೂರು ಮೂರು ಹೊಲಿಗೆಯ ಗುರುತು ನೋಡಿದ್ದೇನೆ. ಅವು ಯಾವ ಯಾವ ವರ್ಷದವು ಅಂತ ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವ್ವ ಇಲ್ಲ.

ಹಳೇ ಹಾಳೆ ಬಿಸಾಕಿ, ನನ್ನ ಖರ್ಚಲ್ಲೇ ಹೊಸ ಜೆರಾಕ್ಸ್ ಮಾಡಿಸುತ್ತೇನೆ ಅಂದೆ. ಟೀಚರ್ ಒಪ್ಪಲಿಲ್ಲ. ದೊಡ್ಡ ಹಾಳೆ, ಮೂವತ್ತು, ಸುಮ್ನೆ ಹಾಳು ಮಾಡೋದಾ? ಡ್ರಾಯರಿನಿಂದ ವೈಟ್ನರ್ ಪೆನ್ನು ತೆಗೆದು ಒಳಗಿನ ಗೆರೆ ಮೇಲೆ ಒಂದೊಂದೇ ಸಂದು ಮಾಡುತ್ತಾ ಕೂತರು. ಇನ್ನೊಂದು ಪೆನ್ನು ನನ್ನ ಕಡೆ ತಳ್ಳಿದರು. ಇಷ್ಟು ಬಿಡು, ಇಷ್ಟು ಅಳಿಸು. ಆ ಹುಡುಗಿ ಹಾಳೆ ಹಿಡಿದು ಊದಿ ಒಣಗಿಸುತ್ತಿದ್ದಳು. ಹತ್ತೊಂಬತ್ತನೇ ಹಾಳೆಗೆ ವೈಟ್ನರ್ ಮುಗಿಯಿತು. ಇನ್ನೆರಡು ತರೋಕೆ ನಾನೇ ಎದ್ದು ಹೋದೆ.